ಸ್ಟೇಷನ್ ರಸ್ತೆಯಲ್ಲಿ ಹಸಿರು ಗಾಡಿ

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ನಮ್ಮೂರಲ್ಲಿ ಭೂಗೋಳ ಕಲಿಸೋದು ಅಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ. ಸ್ಟೇಷನ್ನಿಗೆ ಎಷ್ಟು ದೂರ ಅಂತ ಮಕ್ಕಳು ಕೇಳಿದರೆ ಏನಂತ ಹೇಳಲಿ? ನಿಧಾನಕ್ಕೆ ನಡೆದರೆ ಬಾಯಲ್ಲಿಟ್ಟ ಎಲೆಯಡಿಕೆ ಕೆಂಪಾಗೋದರೊಳಗೆ ಸಿಗುತ್ತೆ. ಸೈಕಲ್ಲು ತುಳಿದರೆ ಮಧ್ಯಾಹ್ನದ ಊಟ ತಪ್ಪುತ್ತೆ. ಓಡಿದರೆ ಎಷ್ಟು ದೂರ ಅನ್ನೋದನ್ನ ಓಡಿದವರನ್ನೇ ಕೇಳಬೇಕು. ಅವಸರ ಮಾಡಿದಷ್ಟೂ ದಾರಿ ಬೆಳೆಯುವ ಊರು ನಮ್ಮದು. ಅದಕ್ಕೇ ನಮ್ಮ ಡಾಕ್ಟರು, ಹೆರಿಗೆ ನೋವು ಬಂದಿದೆ ಅಂತ ಕರೆ ಬಂದರೂ ಕೈ ಹಿಂದೆ ಕಟ್ಟಿಕೊಂಡು ಅಂಗಡಿ ಮುಂಗಟ್ಟೆಲ್ಲ ನೋಡಿಕೊಂಡು ಬರುತ್ತಾರೆ. ಮನೆಯವರು ಬಾಗಿಲಲ್ಲಿ ನಿಂತು, "ಇನ್ನೂ ನಿಧಾನ ಡಾಕ್ಟ್ರೇ, ನಿಮ್ಮ ದಮ್ಮಯ್ಯ, ಇನ್ನೂ ನಿಧಾನ" ಅಂತ ಕೈ ಮುಗಿಯುತ್ತಾರೆ. ಬೆಂಕಿ ಆರಿಸೋ ಗಾಡಿಯನ್ನ ಇಂಜಿನ್ ಆಫ್ ಮಾಡಿ ತಳ್ಳಿಕೊಂಡು ಬರುತ್ತಾರೆ. ಯಾರಾದರೂ ಬೀದಿಯಲ್ಲಿ ದಡದಡ ಓಡಿದರೆ, "ಅಯ್ಯೋ ಪಾಪ, ಅದೆಲ್ಲಿಗೆ ಹೋಗೋಕೆ ಮನಸ್ಸಿಲ್ಲವೋ" ಅಂದುಕೊಳ್ಳುತ್ತೇವೆ. ಲೆಕ್ಕದ ಪರೀಕ್ಷೆಯ ದಿನ ಮಕ್ಕಳು ಓಡೋದುಂಟು. ಮಾವನ ಮನೆಗೆ ಹೊರಟ ಅಳಿಯಂದಿರು ಓಡೋದುಂಟು. ನಾನು ಓಡಿದವಳಲ್ಲ. ಮದುವೆಯಾಗದೆ, ಯಾರಿಗೂ ತಡವಾಗದೆ, ನಿಧಾನಕ್ಕೇ ನಡೆದು ರಿಟೈರಾದವಳು.

ಆದರೆ ಒಂದು ಹುಚ್ಚು ಮಾತ್ರ ಇತ್ತು. ದಾರಿ ಬೆಳೆಯುತ್ತೆ ಅಂತಾರಲ್ಲ, ಹಾಗೆ ಬೆಳೆದ ದಾರಿಯಲ್ಲಿ ಏನಿರುತ್ತೆ? ಪೋಸ್ಟಾಫೀಸಿನ ಮುಂದಿನ ಬೇವಿನಮರಕ್ಕೂ ಸೋಡಾ ಫ್ಯಾಕ್ಟರಿಗೂ ನಡುವೆ ನಮಗೆಲ್ಲ ಕಾಣೋದು ಒಂದು ಚರಂಡಿ. ಜೋರಾಗಿ ಹೋದವರಿಗೆ ಅಲ್ಲಿ ಒಂದು ಬಯಲು ಕಂಡಿದೆ ಅಂತ ಊರಲ್ಲಿ ಮಾತು. ಭೂಗೋಳದ ಟೀಚರಾಗಿ, ನಮ್ಮೂರಿನ ಆ ಬಯಲು ನೋಡದೆ ಬೇರೆ ಖಂಡಗಳ ನದಿಗಳನ್ನ ಬಾಯಿಪಾಠ ಮಾಡಿಸಿದ್ದೆನಲ್ಲ ಅಂತ ನನಗೆ ಒಳಗೊಳಗೇ ನಾಚಿಕೆ. ನಮ್ಮ ಟೌನ್ ಬಸ್ಸು ಆಮೆಯ ಹಾಗೆ ತೆವಳುತ್ತೆ, ಹಾಗೆ ತೆವಳಲೇಬೇಕು. ಹೀಗಿರುವಾಗ ಟಾಕೀಸಿನ ಮಾಲೀಕರ ಅಳಿಯ ತನ್ನ ಗಾಡಿ ಮಾರುತ್ತಾನೆ ಅಂತ ಕಿವಿಗೆ ಬಿತ್ತು. ಅವನು ಹೊರಗಿನವನು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡ ಹಾಗಿರೋ, ಹಸಿರು ಬಣ್ಣದ ಸ್ಪೋರ್ಟ್ಸ್ ಕಾರಿನಲ್ಲಿ ನಾದಿನಿಯ ಮದುವೆಗೆ ಅಂತ ಬಂದು, ಊರಬಾಗಿಲಿಂದ ಛತ್ರಕ್ಕೆ ಗಾಳಿಯ ಹಾಗೆ ಬಿಟ್ಟನಂತೆ. ಅವನು ಮುಟ್ಟೋ ಹೊತ್ತಿಗೆ ಹುಡುಗಿಗೆ ಸೀಮಂತ ನಡೀತಿತ್ತು ಅಂತ ಜನ ಆಡಿಕೊಳ್ಳುತ್ತಾರೆ. ಅದೆಲ್ಲ ಸುಳ್ಳು, ಎಂಜಲೆಲೆ ಎತ್ತಿ ಛತ್ರ ಗುಡಿಸಿ ಆಗಿತ್ತು ಅಷ್ಟೇ. ಆ ಸಿಟ್ಟಿಗೆ ಗಾಡಿಯನ್ನ ಟಾಕೀಸಿನ ಹಿಂದೆ ನಿಲ್ಲಿಸಿ, ಯಾರಿಗಾದರೂ ಕೊಟ್ಟುಬಿಡಿ ಅಂತ ಮಾವನಿಗೆ ಹೇಳಿ ಹೋಗಿದ್ದ.

ಗಾಡಿ ನೋಡೋಕೆ ನನ್ನ ಜೊತೆ ತುಕೋಜಿ ಮೇಸ್ತ್ರಿ ಬಂದರು. ನಮ್ಮೂರಲ್ಲಿ ಇಂಜಿನ್ನು ಬಿಚ್ಚೋಕೆ ಬರೋದು ಅವರೊಬ್ಬರಿಗೇ. ಊರಬಾಗಿಲ ಪಕ್ಕ ಅವರ ಗ್ಯಾರೇಜು, ಗ್ಯಾರೇಜಿನ ಹಿಂದೆ ಒಂದು ಕೋಣೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಾಯಿ ಮಾತ್ರ ಬಲು ಜೋರು. "ತುಕೋಜಿ ಕೈ ಇಟ್ಟ ಇಂಜಿನ್ನು ತುಕೋಜಿ ಹೆಸರು ಹೇಳುತ್ತೆ ಟೀಚರಮ್ಮ" ಅನ್ನೋರು. ಇಂಜಿನ್ನು ಹೇಳುತ್ತಿದ್ದುದನ್ನ ನಾನು ಬರೆಯೋ ಹಾಗಿಲ್ಲ. ಅವತ್ತು ಗಾಡಿಯ ಕೆಳಗೆ ತೂರಿ, ಬೆನ್ನಿಗೆಲ್ಲ ಮಣ್ಣು ಮೆತ್ತಿಕೊಂಡು ಎದ್ದು, ಬಾನೆಟ್ಟಿನ ಮೇಲೆ ಬಡಿದು, "ಚಿನ್ನದಂಥ ಗಾಡಿ, ಕಣ್ಣು ಮುಚ್ಚಿ ತಗೊಳ್ಳಿ" ಅಂದರು. ತಗೊಂಡೆ. ಟಾಕೀಸಿನ ಗೇಟು ದಾಟುತ್ತಿದ್ದಂತೆ ಗೇರ್‌ಬಾಕ್ಸು ಕಟಕಟ ಅಂದು ನಿಂತಿತು. ಇಬ್ಬರೂ ಇಳಿದು ತಳ್ಳಿದೆವು. ತಳ್ಳಿಕೊಂಡು ಹೋದ್ದರಿಂದ ಮನೆ ಮಾತ್ರ ಬೇಗ ಬಂತು.

"ಏನ್ರೀ ಮೇಸ್ತ್ರಿ, ಚಿನ್ನ ಅಂದ್ರಿ?" ಅಂತ ನಾನು ದಬಾಯಿಸಿದೆ. ಅವರು ತಲೆ ಕೆರೆದುಕೊಂಡರು. "ಗೇರ್‌ಬಾಕ್ಸು ಹೋಗಿದೆ ಅಂತ ಅಲ್ಲೇ ಗೊತ್ತಾಯ್ತು. ನೀವು ಅದನ್ನ ನೋಡ್ತಾ ನಿಂತಿದ್ರಲ್ಲ, ಮಿಠಾಯಿ ಅಂಗಡಿ ಮುಂದೆ ನಿಂತ ಮಗು ಥರ. ಬೇಡ ಅನ್ನೋಕೆ ಬಾಯಿ ಬರಲಿಲ್ಲ" ಅಂದರು. ಬಯ್ಯೋಣ ಅಂತ ಬಾಯಿ ತೆರೆದವಳಿಗೆ ನಗು ಬಂತು. ನೋಡಿ, ಅವರ ಗುಣವೇ ಅದು. ಊರೆಲ್ಲ ಕೇಳೋ ಹಾಗೆ ಮಾತಾಡುವ ಮನುಷ್ಯ, ಮನಸ್ಸಿನಲ್ಲಿರೋ ಒಂದು ಮಾತು ಹೇಳಬೇಕಾದರೆ ಮೂಗನಾಗಿಬಿಡೋರು. ನಾನೇನು ಕಮ್ಮಿಯೇ? ನಾನೂ ಅದೇ ಜಾತಿ.

ಅಲ್ಲಿಂದ ಶುರುವಾಯಿತು ಆ ಗಾಡಿಯ ಸೇವೆ. ಆನೆ ಸಾಕಬಹುದು, ಹಳೇ ಸ್ಪೋರ್ಟ್ಸ್ ಕಾರು ಸಾಕಬಾರದು. ಗೇರ್‌ಬಾಕ್ಸು ಸರಿಹೋದ ಮೇಲೆ ರೇಡಿಯೇಟರ್ ಸೋರಿತು. ಅದಕ್ಕೆ ಬೆಸುಗೆ ಹಾಕಿಸಿದರೆ ಕಾರ್ಬೊರೇಟರ್ ಕೆಮ್ಮಿತು. ಮಳೆಗಾಲದಲ್ಲಿ ಮೇಲಿನ ಕ್ಯಾನ್ವಾಸು ಟಾಪು ಸೋರಿ ಸೀಟಿನಲ್ಲಿ ಅಣಬೆ ಎದ್ದವು. ಬೇಸಿಗೆಯಲ್ಲಿ ಇಲಿ ಮರಿ ಹಾಕಿತು. ಹೊಟ್ಟೆ ನೆಲಕ್ಕೆ ಹತ್ತಿರ, ಹಾಗಾಗಿ ಪ್ರತಿ ರೋಡು ಹಂಪಿನಲ್ಲೂ ಕರ್ ಅಂತ ಉಜ್ಜುತ್ತಿತ್ತು. ಆ ಸದ್ದಿಗೆ ನನ್ನ ಹೊಟ್ಟೆಯೇ ತರಚಿದ ಹಾಗಾಗೋದು. ಸಾಮಾನು ಬೇಕಾದರೆ ಮೇಸ್ತ್ರಿ ರೈಲು ಹತ್ತಿ ಹೊರಗಿನ ಊರಿನ ಗುಜರಿಗಳನ್ನ ಸುತ್ತಿ, ಬೇರೆ ಯಾವುದೋ ಗಾಡಿಯದನ್ನ ತಂದು, ಅರದಿಂದ ಉಜ್ಜಿ ಉಜ್ಜಿ ಕೂರಿಸೋರು. ಕೂತಿತು ಅಂತ ಮೀಸೆ ತಿರುವೋ ಹೊತ್ತಿಗೆ ಇನ್ನೊಂದು ಕಡೆ ಬಿಚ್ಚಿಕೊಳ್ಳೋದು. ಕೆಳಮನೆಯ ಪುಟ್ಟತಾಯಮ್ಮ ಬಟ್ಟೆ ಒಣಹಾಕುತ್ತಾ, "ಏನ್ ಟೀಚರೇ, ನಿಮ್ಮ ಗಾಡಿಗೆ ಭಾನುವಾರ ಭಾನುವಾರ ತಪ್ಪದೆ ಕಾಯಿಲೆ ಬರುತ್ತಲ್ಲ, ಮೇಸ್ತ್ರಿಗೆ ಗ್ಯಾರೇಜಿಗೆ ರಜ ಇರೋ ದಿನವೇ!" ಅಂತ ಚುಚ್ಚೋಳು. "ನಿನಗ್ಯಾಕೆ, ನಿನ್ನ ಲಂಗ ಒಣಗಿಸ್ಕೋ" ಅಂತಿದ್ದೆ. ಕಿವಿ ಮಾತ್ರ ಬಿಸಿಯಾಗೋದು.

ಮೇಸ್ತ್ರಿ ನನಗೂ ಕೆಲಸ ಕಲಿಸಿದರು. ಪ್ಲಗ್ಗು ಬಿಚ್ಚಿ ಮರಳು ಕಾಗದದಲ್ಲಿ ಉಜ್ಜೋದು, ಆಯಿಲ್ ಕಡ್ಡಿ ಎಳೆದು ನೋಡೋದು, ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಅನ್ನೋದು. ಇದನ್ನ ಅವರು ಹೇಳಿದ್ದು ತಾವೇ ತೆಗೆದು ಕೈ ಸುಟ್ಟುಕೊಂಡ ಮೇಲೆ. ಅವರಿಗೊಂದು ಚಾಳಿ ಇತ್ತು, ಮಾತಿನ ಮಧ್ಯೆ ಇದ್ದಕ್ಕಿದ್ದ ಹಾಗೆ ಪರೀಕ್ಷೆ ಮಾಡೋದು. "ಟೀಚರಮ್ಮ, ಏನೋ ವಾಸನೆ ಬರ್ತಿದೆ, ಏನು ಹೇಳಿ?" ಅನ್ನೋರು. "ಕ್ಲಚ್ಚು ಸುಟ್ಟಿದ್ದು." "ಪಾಸು!" ಕೆಲವು ಸಲ ಬೇಕಂತಲೇ ತಪ್ಪು ಹೇಳಿಕೊಡೋರು. "ಆ ನಟ್ಟು ಇನ್ನೊಂದು ಸುತ್ತು ಬಿಗಿ ಮಾಡಿ" ಅನ್ನೋರು, ಬಿಗಿ ಮಾಡಿದರೆ ಮುರಿಯುತ್ತಿತ್ತು. ನಾನು ಬಲೆಗೆ ಬೀಳದೆ, "ಇಲ್ಲ ಮೇಸ್ತ್ರಿ, ಸಾಕು" ಅಂದರೆ ತೊಡೆ ತಟ್ಟಿ ನಗೋರು. ಜೀವಮಾನವೆಲ್ಲ ಬೇರೆಯವರಿಗೆ ಪರೀಕ್ಷೆ ಮಾಡಿದವಳು ನಾನು. ಪಾಸಾಗೋದರಲ್ಲಿ ಇಷ್ಟು ಸುಖ ಇದೆ ಅಂತ ಆಗ ಗೊತ್ತಾಯಿತು.

ಗಾಡಿ ಸರಿಯಿದ್ದ ಭಾನುವಾರ ಇಬ್ಬರೂ ಸ್ಟೇಷನ್ ರಸ್ತೆಗೆ ಹೋಗುತ್ತಿದ್ದೆವು. ಟಾಪು ಇಳಿಸಿ, ತಲೆಗೆ ಸ್ಕಾರ್ಫು ಕಟ್ಟಿ, ಆಕ್ಸಿಲರೇಟರ್ ಒತ್ತಿದೆನೆಂದರೆ ಬೇವಿನಮರ ಹಿಂದಾಗುತ್ತಿತ್ತು, ಸೋಡಾ ಫ್ಯಾಕ್ಟರಿ ಮಾತ್ರ ಬರುತ್ತಿರಲಿಲ್ಲ. ಬಯಲು ನಿಜವಾಗಿಯೂ ಇತ್ತು ಕಣ್ರೀ! ಎದೆಯೆತ್ತರ ಹುಲ್ಲು, ಹುಲ್ಲಿನಾಚೆ ನೀರು, ನೀರಿನಾಚೆ ಯಾವ ನಕಾಶೆಯಲ್ಲೂ ಇಲ್ಲದ ಬೋಳುಗುಡ್ಡಗಳು. ಎಷ್ಟು ಒತ್ತಿದರೆ ಅಷ್ಟು ತೆರೆದುಕೊಳ್ಳೋದು. ನಿಲ್ಲಿಸಿ ನೋಡೋಣ ಅಂದರೆ ಆಗದು, ಕಾಲು ಸಡಿಲಿಸಿದರೆ ಸಾಕು, ಗುಡ್ಡ ನೀರು ಹುಲ್ಲು ಎಲ್ಲ ಮಡಿಚಿಕೊಂಡು ಮತ್ತೆ ಅದೇ ಚರಂಡಿ. ಹಾಗಾಗಿ ತಿಂಡಿಯೂ ಓಡುತ್ತಲೇ. ಮೇಸ್ತ್ರಿ ಡಬ್ಬಿ ತೆರೆದು, ಕೋಡುಬಳೆ ಮುರಿದು, ಒಂದೊಂದೇ ತುಂಡು ನನ್ನ ಎಡಗೈಗೆ ಇಡೋರು. ಅವರ ಬೆರಳು ಗ್ರೀಸಿನ ವಾಸನೆ, ಕೋಡುಬಳೆಯೂ ಗ್ರೀಸಿನ ವಾಸನೆ. ಹೆಚ್ಚು ಮಾತೇನೂ ಇರಲಿಲ್ಲ. ಬಾಯಿ ಬಡುಕ ಅಂತ ಹೆಸರಾದ ಮನುಷ್ಯ ಅಲ್ಲಿ ಸುಮ್ಮನಿರೋರು. ನನಗೆ ಆ ಸುಮ್ಮನಿರೋದು ಬಹಳ ಇಷ್ಟವಾಗುತ್ತಿತ್ತು. ಇಷ್ಟವಾಗುತ್ತಿತ್ತು ಅಂತ ಅವರಿಗೆ ಹೇಳಲಿಲ್ಲ.

ಹೀಗೇ ಹೋಗುತ್ತಿತ್ತು. ಆಮೇಲೆ ಗಾಡಿ ನೀಲಿ ಹೊಗೆ ಬಿಡತೊಡಗಿತು. ಪಿಸ್ಟನ್ ರಿಂಗು ಸವೆದಿದೆ, ಇಂಜಿನ್ನು ಪೂರ್ತಿ ಇಳಿಸಬೇಕು ಅಂದರು ಮೇಸ್ತ್ರಿ. ಇಳಿಸಿ, ಹೊರಗಿನ ಊರಿಗೆ ಒಯ್ದು ಸಿಲಿಂಡರು ಬೋರ್ ಮಾಡಿಸಿ ತಂದು, ಹೊಸ ರಿಂಗು ಹಾಕುತ್ತಾ ಕೂತಿದ್ದಾಗ ತಲೆ ಎತ್ತದೆ ಹೇಳಿದರು: "ನಮ್ಮಣ್ಣ ಹೋಗಿಬಿಟ್ಟ ಟೀಚರಮ್ಮ. ಅತ್ತಿಗೆ ಫೋನ್ ಮಾಡಿದ್ರು. ಅವರೂರಲ್ಲಿ ಅಣ್ಣನ ವರ್ಕ್‌ಶಾಪ್ ಇದೆ, ನೋಡ್ಕೊಳ್ಳೋರಿಲ್ಲ. ಬಂದುಬಿಡು, ಇಲ್ಲೇ ಇದ್ದುಬಿಡು ಅಂತಾರೆ." ನಾನು ಕೈಯಲ್ಲಿದ್ದ ಬಟ್ಟೆ ಹಿಂಡುತ್ತಾ ನಿಂತೆ. ಅವರು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು, "ಬರಲ್ಲ ಅಂದ್ರೂ ಅತ್ತಿಗೆ ಬೇರೆ ಯಾರನ್ನಾದ್ರೂ ಇಟ್ಕೋತಾರೆ. ಆದ್ರೆ ಇಲ್ಲಿ ನನ್ನ ಹೋಗಬೇಡ ಅನ್ನೋರು ಯಾರಿದಾರೆ ಹೇಳಿ" ಅಂದು ನನ್ನ ಮುಖ ನೋಡಿದರು.

ನೋಡಿದರು ಸ್ವಾಮಿ, ನೇರವಾಗಿ ನೋಡಿದರು. ಅಲ್ಲಿ ನಾನೇನು ಹೇಳಬೇಕಿತ್ತು ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನಾನು ಹೇಳಿದ್ದು, "ಪಾಪ, ಎಷ್ಟು ವಯಸ್ಸಾಗಿತ್ತು ಅಣ್ಣನಿಗೆ?" ಅಂತ. ಅವರು ವಯಸ್ಸು ಹೇಳಿ ಮತ್ತೆ ಪಾನಾ ಎತ್ತಿಕೊಂಡರು. ಮನೆಗೆ ಬಂದು, ಬಡಿಸಿಕೊಂಡ ಅನ್ನವನ್ನ ಹಾಗೇ ಮುಚ್ಚಿಟ್ಟೆ. ನನ್ನನ್ನ ನಾನೇ ಬೈದುಕೊಂಡೆ. ಮುದುಕಿಯಾದೆ, ಇನ್ನು ಯಾರ ಹೆದರಿಕೆ ನಿನಗೆ? ಪುಟ್ಟತಾಯಮ್ಮ ಆಡಿಕೊಂಡರೆ ಏನು ಗಂಟು ಹೋಗುತ್ತೆ? ಅವರು ಹೊರಡೋ ದಿನ ಸ್ಟೇಷನ್ನಿಗೆ ನಾನೇ ಗಾಡಿಯಲ್ಲಿ ಬಿಡುತ್ತೇನೆ, ದಾರಿಯಲ್ಲಿ ಹೇಳಿಬಿಡುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ. ಹೇಳಬೇಕಾದ್ದು ದೊಡ್ಡ ಭಾಷಣವಲ್ಲ. ಹೋಗಬೇಡಿ ಮೇಸ್ತ್ರಿ, ನನಗೆ ನೀವು ಬೇಕು. ಅಷ್ಟೇ. ಒಗ್ಗರಣೆ ಹಾಕುತ್ತಾ ಹೇಳಿ ನೋಡಿದೆ, ತಲೆ ಬಾಚುತ್ತಾ ಹೇಳಿ ನೋಡಿದೆ. ಚೆನ್ನಾಗೇ ಬರುತ್ತಿತ್ತು.

ಇಂಜಿನ್ನು ಕೂರಿಸಿ ಮುಗಿಸಿದ ದಿನ ಮೇಸ್ತ್ರಿ ಸ್ಟಾರ್ಟ್ ಮಾಡಿ ಕಿವಿಯಿಟ್ಟು ಕೇಳಿದರು. ಯಾವತ್ತೂ ಕೇಳದ ಸದ್ದು, ಒಂದೇ ಸಮ, ಮೆತ್ತಗೆ. ಅವರು ನಿಜವಾಗಿ ಚೆನ್ನಾಗಿ ಮಾಡಿದ ಕೆಲಸ ಅದೊಂದೇ ಅನ್ನಿಸುತ್ತೆ. ಹೋಗೋ ಮುಂಚೆ ಒಂದಾದರೂ ಸರಿಯಾಗಿ ಮಾಡಿಕೊಡಬೇಕು ಅಂತ ಪಟ್ಟು ಹಿಡಿದಿದ್ದರೋ ಏನೋ. "ಹೊಸ ರಿಂಗು ಟೀಚರಮ್ಮ. ಒಗ್ಗೋವರೆಗೂ ಜೋರಾಗಿ ಓಡಿಸೋ ಹಾಗಿಲ್ಲ. ಓಡಿಸಿದ್ರೋ, ನನ್ನ ಇಷ್ಟು ದಿನದ ಕೆಲಸ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಯಾರು ಏನೇ ಹೇಳಲಿ, ಒತ್ತಬೇಡಿ" ಅಂದರು. ಆಯಿತು ಅಂದೆ. ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ.

ಹೊರಡುವ ದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಒಂದು ಟ್ರಂಕು ಹಿಡಿದು ಗ್ಯಾರೇಜಿನ ಮುಂದೆ ನಿಂತಿದ್ದರು. ಉಗುರಿನ ಸಂದಿಯ ಗ್ರೀಸನ್ನೂ ತೆಗೆದಿದ್ದರು. ಅದನ್ನ ನೋಡಿ ನನಗೆ ಸಂಕಟವಾಯಿತು. ಟ್ರಂಕನ್ನ ಹಿಂದಕ್ಕೆ ಕಟ್ಟಿ, ಪಕ್ಕದಲ್ಲಿ ಕೂತರು. ನಾನು ಹಗುರಾಗಿ ಗಾಡಿ ಬಿಟ್ಟೆ. ಬೀದಿಯಲ್ಲಿ ಪರಿಚಯದವರೆಲ್ಲ ಕೈ ಮಾಡಿದರು. ಊರೊಳಗೆ ಬೇಡ, ಬೇವಿನಮರ ದಾಟಲಿ, ಆಮೇಲೆ ಬೇಕಾದಷ್ಟು ದಾರಿಯಿದೆ, ಹೇಳೋಣ ಅಂದುಕೊಂಡೆ. ಆ ಗಾಡಿಯಲ್ಲಿ ಸ್ಟೇಷನ್ ರಸ್ತೆ ಅಂದರೆ ನನ್ನ ಲೆಕ್ಕಕ್ಕೆ ಯಾವಾಗಲೂ ಮುಗಿಯದ ರಸ್ತೆಯೇ.

ಬೇವಿನಮರ ಬಂತು. ಮೇಸ್ತ್ರಿ ಎದುರಿಗೇ ನೋಡುತ್ತಾ, "ಟೀಚರಮ್ಮ, ಸ್ವಲ್ಪ ಜೋರಾಗಿ ಬಿಡಿ" ಅಂದರು.

ನನಗೆ ಒಳಗೊಳಗೇ ನಗು ಬಂತು. ಹೊರಡೋ ದಿನವೂ ಬಿಡಲಿಲ್ಲವಲ್ಲ ಈ ಮನುಷ್ಯ, ಕೊನೇ ಪರೀಕ್ಷೆ ಇದು ಅಂದುಕೊಂಡೆ. "ಹೊಸ ರಿಂಗು ಮೇಸ್ತ್ರಿ. ಯಾರು ಏನೇ ಹೇಳಿದರೂ ಒತ್ತಲ್ಲ" ಅಂದೆ. ಅವರು ಡ್ಯಾಶ್‌ಬೋರ್ಡಿನ ಮೇಲಿನ ಧೂಳು ಒರೆಸಿದರು. ಆಮೇಲೆ, "ಪರವಾಗಿಲ್ಲ, ಬಿಡಿ, ಒಂದು ಸಲ" ಅಂದರು. ದನಿ ಸಣ್ಣಗಿತ್ತು. ನನಗೆ ಎಷ್ಟು ಜಂಬ ಅಂತೀರಿ! ಇನ್ನೂ ಸ್ವಲ್ಪ ಕಾಲು ಸಡಿಲಿಸಿ, ತೊಟ್ಟಿಲು ತೂಗೋ ಹಾಗೆ ಓಡಿಸುತ್ತಾ, "ಹೇಗೆ, ಪಾಸೋ ಫೇಲೋ?" ಅಂತ ಕೇಳಿದೆ. ಮೇಸ್ತ್ರಿ ಎಡಗಡೆ ಚರಂಡಿಯ ಕಡೆ ನೋಡುತ್ತಿದ್ದರು. ಸೋಡಾ ಫ್ಯಾಕ್ಟರಿ ಆಗಲೇ ಹಿಂದೆ ಹೋಗಿತ್ತು. ನಾನು ಗಂಟಲು ಸರಿಮಾಡಿಕೊಂಡೆ. "ಮೇಸ್ತ್ರಿ" ಅಂದೆ. ಅಷ್ಟರಲ್ಲಿ ಮುಂದೆ ಸ್ಟೇಷನ್ನಿನ ಕೆಂಪು ಗೋಡೆ ನಿಂತಿತ್ತು. ಇಷ್ಟೇನಾ! ಆ ಗಾಡಿಯಲ್ಲಿ ನಾನು ನಿಧಾನಕ್ಕೆ ಯಾವತ್ತೂ ಹೋಗಿರಲಿಲ್ಲ. ಆ ರಸ್ತೆ ಇಷ್ಟು ಮೋಟು ಅನ್ನೋದು ಮರೆತೇಹೋಗಿತ್ತು. ಪೋರ್ಟರು ಓಡದೆ, ನಡೆದು ಬಂದು ಟ್ರಂಕು ಬಿಚ್ಚಿಕೊಂಡ. ರೈಲು ಬಂದು ನಿಂತಿತ್ತು. ರೈಲು ನಮ್ಮೂರಿನದಲ್ಲ, ಅದಕ್ಕೆ ನಮ್ಮ ನಿಧಾನದ ಗೊಡವೆಯಿಲ್ಲ. ಹೊತ್ತಾದರೆ ಹೊರಟುಬಿಡುತ್ತೆ.

ಪ್ಲಾಟ್‌ಫಾರಮ್ಮಿನಲ್ಲಿ ಅಷ್ಟು ಜನರ ನಡುವೆ ನನ್ನ ಮಾತು ಹೊರಡಲಿಲ್ಲ. ನನ್ನ ಹಳೇ ವಿದ್ಯಾರ್ಥಿನಿ ಯಾರೋ ನಮಸ್ಕಾರ ಟೀಚರ್ ಅಂದಳು, ಅವಳ ಮಗುವಿನ ಗಲ್ಲ ಹಿಂಡಿದೆ. ಮೇಸ್ತ್ರಿ ಹತ್ತಿ ಕಿಟಕಿಯ ಪಕ್ಕ ಕೂತರು. "ನೀರು ತಗೊಂಡಿದೀರಾ?" ಅಂದೆ. "ಹ್ಞೂಂ." "ಮುಟ್ಟಿದ ಮೇಲೆ ಫೋನ್ ಮಾಡಿ." "ಮಾಡ್ತೀನಿ." ಸೀಟಿ ಹೊಡೆಯಿತು. ಆಗ ಅವರು ಕಿಟಕಿಯ ಸರಳು ಹಿಡಿದು, ನನ್ನ ಮುಖಕ್ಕೆ ಹತ್ತಿರವಾಗಿ ಹೇಳಿದರು: "ಜೋರಾಗಿ ಬಿಡಿ ಅಂದಿದ್ದು ಪರೀಕ್ಷೆಗಲ್ಲ ಟೀಚರಮ್ಮ. ಇನ್ನೊಂಚೂರು ಹೊತ್ತು ನಿಮ್ಮ ಪಕ್ಕ ಕೂತಿರೋಣ ಅಂತಿತ್ತು. ದಾರಿ ಉದ್ದ ಇದ್ದಿದ್ರೆ ನೀವು ಏನಾದ್ರೂ ಹೇಳ್ತಿದ್ರೇನೋ ಅಂತ." ರೈಲು ಕದಲಿತು. ಅವರ ಬಾಯಿ ಇನ್ನೂ ಆಡುತ್ತಿತ್ತು, ನನಗೆ ಕೇಳಿಸಲಿಲ್ಲ.

ಹುಟ್ಟಿದಾಗಿನಿಂದ ಓಡದವಳು ನಾನು ಓಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಅಲ್ಲೇ ಬಿಟ್ಟು, ಮುಂದೆ ಹೋಗುತ್ತಿದ್ದ ಆ ಕಿಟಕಿಯ ಹಿಂದೆ ಓಡಿದೆ. ಕಾಲಿನ ಕೆಳಗೆ ಪ್ಲಾಟ್‌ಫಾರಂ ಬೆಳೆಯತೊಡಗಿತು. "ಓಡಬೇಡಿ ಟೀಚರೇ! ನಡೀರಿ, ನಡೀರಿ!" ಅಂತ ಹಿಂದಿನಿಂದ ಇಡೀ ಸ್ಟೇಷನ್ನು ಕೂಗಿತು. ನನಗೆ ಗೊತ್ತಿಲ್ಲವೇ? ಸುಮ್ಮನೆ ನಡೆದಿದ್ದರೆ ರೈಲು ವೇಗ ಹಿಡಿಯೋ ಮುಂಚೆ ಆ ಸರಳು ಕೈಗೆ ಸಿಗುತ್ತಿತ್ತು. ನಮ್ಮೂರಿನ ಹಾಲುಹಲ್ಲಿನ ಮಗುವಿಗೂ ಗೊತ್ತಿರೋ ಮಾತದು. ನನ್ನ ಕಾಲು ಕೇಳಲಿಲ್ಲ. ಕಣ್ಣೆದುರೇ ಅವರು ಹೋಗುತ್ತಿರುವಾಗ ನಿಧಾನ ಮಾಡೋಕೆ ಯಾರ ಕಾಲು ಕೇಳುತ್ತೆ ಹೇಳಿ? ಓಡಿದಷ್ಟೂ ಕಲ್ಲುಚಪ್ಪಡಿ ಉರುಳಿಕೊಂಡು ಬಂತು. ಕಂಬಗಳು ದೂರ ದೂರ ಸರಿದವು. ರೈಲಿನ ಕೊನೆಯ ಡಬ್ಬಿ ಬೆಂಕಿಪೊಟ್ಟಣದಷ್ಟಾಯಿತು, ಆಮೇಲೆ ಅದೂ ಇಲ್ಲ. ಆದರೂ ಓಡುತ್ತಾ ಕೂಗಿದೆ. "ಹೋಗಬೇಡಿ ಮೇಸ್ತ್ರೀ, ನನಗೆ ನೀವು ಬೇಕು" ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ನಾಚಿಕೆ ಇರಲಿಲ್ಲ, ಹೆದರಿಕೆ ಇರಲಿಲ್ಲ, ಹೇಳೋಕೆ ದಾರಿಯೂ ಬೇಕಾದಷ್ಟಿತ್ತು. ಕೇಳೋರು ಮಾತ್ರ ಇರಲಿಲ್ಲ.

ಉಸಿರು ಕಟ್ಟಿ ನಿಂತೆ. ನಿಂತೊಡನೆ ಪ್ಲಾಟ್‌ಫಾರಂ ಮಡಿಚಿಕೊಂಡಿತು. ತಿರುಗಿ ನೋಡಿದರೆ ಆ ಕಿಟಕಿ ನಿಂತಿದ್ದ ಜಾಗ, ನನ್ನ ಚಪ್ಪಲಿ ಬಿದ್ದಿದ್ದ ಜಾಗ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು.